ಗೋಡೆಗೆಷ್ಟು ಬಣ್ಣ?

ಹಬ್ಬಕ್ಕೆ ಹದಿನೈದು ದಿನಗಳಿರುವಾಗ ಮನೆಗೆ ಬಣ್ಣ ಬಳಿಸುವ ಮಾತು ಹೊರಡುತ್ತದೆ. ಯಾವ ಬಣ್ಣವೆಂಬ ಚರ್ಚೆಯಲ್ಲಿ ಮನೆಮಂದಿಯೆಲ್ಲ ಪಾಲುಗೊಳ್ಳುತ್ತಾರೆ. ಎಷ್ಟು ಬೇಕೆಂಬುದನ್ನು ಮಾತ್ರ ಬಣ್ಣ ಬಳಿಯುವಾತನ ಕಣ್ಣಳತೆಗೆ ಬಿಟ್ಟುಬಿಡುತ್ತಾರೆ. ಮಿಕ್ಕರೆ ಆತನ ಮೇಲೆ ಸಂದೇಹ. ಸಾಲದಾದರೆ ಆತನ ಮೇಲೆಯೇ ಸಿಡುಕು. ಒಂದು ಟೇಪು, ಒಂದು ಚೀಟಿ, ಕಾಲು ಗಂಟೆಯ ವ್ಯವಧಾನ ಇದ್ದರೆ ಮನೆಯೊಡೆಯನ ಹಣವೂ ಕೆಲಸಗಾರನ ಮರ್ಯಾದೆಯೂ ಉಳಿಯುತ್ತವೆ.

ಕೋಣೆ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರವಿದೆಯೆನ್ನೋಣ. ನಾಲ್ಕು ಗೋಡೆಗಳ ಸುತ್ತಳತೆ 44 ಅಡಿ; ಎತ್ತರದಿಂದ ಗುಣಿಸಿದರೆ 440 ಚದರ ಅಡಿ. 7 ಅಡಿ ಎತ್ತರ, 3 ಅಡಿ ಅಗಲದ ಒಂದು ಬಾಗಿಲು, 4 ಅಡಿ ಚೌಕದ ಎರಡು ಕಿಟಕಿಗಳು ಇದ್ದರೆ 53 ಚದರ ಅಡಿ ಕಳೆಯಬೇಕು. ಉಳಿಯುವುದು 387. ಎರಡು ಸಲ ಬಳಿಯಬೇಕಾದ್ದರಿಂದ 774. ಒಂದು ಲೀಟರು ಒಂದು ಸಲಕ್ಕೆ 100 ಚದರ ಅಡಿ ಬರುವುದಾದರೆ ಎಂಟು ಲೀಟರಿಗೆ ತುಸು ಕಡಿಮೆ, ಅಂದರೆ 4 ಲೀಟರಿನ ಎರಡು ಡಬ್ಬಿ ಸಾಕು. ಚಾವಣಿಯ 120 ಚದರ ಅಡಿಯ ಲೆಕ್ಕ ಬೇರೆ.

ಡಬ್ಬಿಯ ಮೇಲಿನ ಅಂಕಿಯನ್ನು ಓದುವಾಗ ಎಚ್ಚರ ಬೇಕು. ಅದು ಒಂದು ಸಲ ಬಳಿಯುವುದಕ್ಕೋ ಎರಡು ಸಲಕ್ಕೋ ಎಂಬುದನ್ನು ಮೊದಲು ನೋಡಬೇಕು. ಇಲ್ಲಿ ತಪ್ಪಿದರೆ ಲೆಕ್ಕವೆಲ್ಲ ಇಮ್ಮಡಿಯಾಗುತ್ತದೆ, ಇಲ್ಲವೇ ಅರ್ಧವಾಗುತ್ತದೆ. ಆ ಅಂಕಿಯೂ ನಯವಾದ ಗೋಡೆಗೆ ಹೇಳಿದ್ದು. ಒರಟು ಗಾರೆಯ ಗೋಡೆ ಹೆಚ್ಚು ಬಣ್ಣ ಕುಡಿಯುತ್ತದೆ. ಮೊದಲು ಪ್ರೈಮರ್ ಹಚ್ಚಿದರೆ ಆ ದಾಹ ತಗ್ಗುತ್ತದೆ. ಹಳೆಯ ಸುಣ್ಣದ ಸಡಿಲು ಪದರವನ್ನು ಕೆರೆದು ತೆಗೆಯದಿದ್ದರೆ ಹೊಸ ಬಣ್ಣವೂ ಅದರೊಡನೆ ಉದುರುತ್ತದೆ. ಕಡುಬಣ್ಣದ ಗೋಡೆಗೆ ತಿಳಿಬಣ್ಣ ಹಚ್ಚುವುದಾದರೆ ಮೂರನೆಯ ಸಲಕ್ಕೆಂದು ಇನ್ನೊಂದು ಡಬ್ಬಿ ಬೇಕಾದೀತು.

ಸಾಲದಾದಾಗ ಅಂಗಡಿಗೆ ಮತ್ತೆ ಓಡಿದರಾಯಿತೆಂದು ತಿಳಿಯಬಾರದು. ಬೇರೊಂದು ದಿನ ಬೆರೆಸಿದ ಬಣ್ಣದ ಛಾಯೆ ಕೊಂಚ ಬೇರೆಯಾಗಬಹುದು. ಗೋಡೆಯ ನಡುವೆ ಅದು ತೇಪೆಯಂತೆ ಕಾಣುತ್ತದೆ. ಆದುದರಿಂದ ಬಣ್ಣವನ್ನು ಒಮ್ಮೆಗೇ ತಂದು, ಎಲ್ಲ ಡಬ್ಬಿಗಳನ್ನೂ ದೊಡ್ಡ ಬಕೆಟ್ಟಿನಲ್ಲಿ ಕಲಸಿಕೊಳ್ಳುವುದು ಜಾಣತನ. ಮಿಕ್ಕ ಅಷ್ಟಿಷ್ಟನ್ನು ಬಿಗಿಯಾಗಿ ಮುಚ್ಚಿಟ್ಟರೆ, ಮೊಳೆ ಕಿತ್ತ ಗಾಯಗಳನ್ನು ಮುಚ್ಚಲು ಒದಗುತ್ತದೆ.

ಅಳತೆಯ ಚೀಟಿಯನ್ನು ಮನೆಯ ಕಾಗದಪತ್ರಗಳೊಡನೆ ಇಡುವುದು ಮೇಲು. ಮುಂದಿನ ಸಲ ಬಣ್ಣ ಬದಲಾದೀತು; ಗೋಡೆಯ ಅಳತೆ ಬದಲಾಗದು.