ಹೋಂಸ್ಟೇ: ಯಾರ ಮನೆ, ಯಾವ ನೀರು?

ಮಲೆನಾಡಿನ ಅಪ್ಪಟ ಬದುಕನ್ನು ಅನುಭವಿಸಲು ಬನ್ನಿ ಎಂದು ಕರೆಯುವ ಫಲಕಗಳು ಇಂದು ಚಿಕ್ಕಮಗಳೂರು, ಸಕಲೇಶಪುರ, ಕೊಡಗುಗಳ ರಸ್ತೆಯುದ್ದಕ್ಕೂ ನಿಂತಿವೆ. ಈ 'ಅಪ್ಪಟ' ಎಂಬ ಮಾತನ್ನು ಇಲ್ಲಿ ಬದುಕುತ್ತಿರುವ ನಾವೇ ಪ್ರಶ್ನಿಸದೆ ಬಿಟ್ಟಿದ್ದೇವೆ. ಬರುವವರಲ್ಲಿ ಹೆಚ್ಚಿನವರು ಕೊಠಡಿಯ ಚಿತ್ರ, ಬಾಡಿಗೆ, ಜಲಪಾತಕ್ಕಿರುವ ದೂರ ಇವಿಷ್ಟನ್ನು ನೋಡಿ ತಂಗುವ ಜಾಗವನ್ನು ಆರಿಸುತ್ತಾರೆ. ಊರಿನ ಬದುಕನ್ನು ಕಾಣಬೇಕೆಂಬ ಆಸೆ ನಿಜವಾದದ್ದಾದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಅತಿಥಿಗಳು ಬಾರದ ತಿಂಗಳುಗಳಲ್ಲಿ ಆ ಮನೆ ಯಾವುದರಿಂದ ಬದುಕುತ್ತದೆ?

ಸಾಗುವಳಿಯಿಂದ ಬದುಕುವ ಮನೆಯಲ್ಲಿ ಋತುವಿಗೊಂದು ಕೆಲಸವಿರುತ್ತದೆ. ಮುಂಗಾರು ಬಲಗೊಳ್ಳುವ ಮುನ್ನವೇ ಕೊಳೆರೋಗಕ್ಕೆ ಮದ್ದು ಹೊಡೆಯಬೇಕು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಬೋರ್ಡೋ ದ್ರಾವಣದ ಲೆಕ್ಕ ಆ ಮನೆಯ ಮಕ್ಕಳಿಗೂ ಬಾಯಿಪಾಠ. ಆಷಾಢದಲ್ಲಿ ಕಳಲೆ, ಕೆಸುವಿನ ಪತ್ರೊಡೆ. ಚಳಿ ಬಿದ್ದ ಮೇಲೆ ಕೊನೆಕೊಯ್ಲು, ರಾತ್ರಿ ಹೊತ್ತಿನ ಅಡಿಕೆ ಸುಲಿತ, ಹಂಡೆಯಲ್ಲಿ ಕುದಿಯುವ ಚೊಗರಿನ ವಾಸನೆ. ಕಾಫಿ ಸೀಮೆಯಲ್ಲಾದರೆ ಮಾರ್ಚ್-ಏಪ್ರಿಲ್‌ನ ಹೂಮಳೆಗಾಗಿ ಕಾಯುವ ಆತಂಕ. ಕೊಯ್ಲಿನ ವಾರದಲ್ಲಿ ಇಂಥ ಮನೆಗೆ ಹೋದರೆ ನಿಮ್ಮೊಡನೆ ಹರಟಲು ಯಜಮಾನರಿಗೆ ಬಿಡುವಿರಲಾರದು. ವರ್ಷವಿಡೀ ಒಂದೇ ಬಗೆಯ ಊಟ ಬಡಿಸಿ, ಮಳೆಗಾಲದಲ್ಲಿ 'ರೇನ್ ಡ್ಯಾನ್ಸ್' ಏರ್ಪಡಿಸಿ, ಯಜಮಾನರು ಬೆಂಗಳೂರಿನಿಂದ ದೂರವಾಣಿಯಲ್ಲಿಯೇ ವ್ಯವಹರಿಸುವ ಕಟ್ಟಡವನ್ನು ಮನೆಯೆನ್ನಲಾಗದು, ಅದು ವಸತಿಗೃಹ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು ರೂಪಿಸಿದ ಮಾರ್ಗಸೂಚಿಯಲ್ಲಿಯೂ ಹೋಂಸ್ಟೇ ಎಂದರೆ ಮಾಲೀಕರ ಕುಟುಂಬ ವಾಸವಿರುವ, ಅತಿಥಿಗಳಿಗೆ 6 ಕೊಠಡಿಗಳಿಗಿಂತ ಹೆಚ್ಚಿಲ್ಲದ ಮನೆಯೇ.

ಎರಡನೆಯ ಪ್ರಶ್ನೆ ನೀರಿನದು. 10 ಮೀಟರ್ ಉದ್ದ, 5 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಈಜುಕೊಳವೊಂದಕ್ಕೆ 75,000 ಲೀಟರ್ ನೀರು ಬೇಕು. ಹನಿ ನೀರಾವರಿಯಲ್ಲಿ ಬೇಸಿಗೆಯ ಅಡಿಕೆ ಮರಕ್ಕೆ ದಿನಕ್ಕೆ ಸುಮಾರು 20 ಲೀಟರ್ ಸಾಕಾಗುತ್ತದೆ. ಎಕರೆಗೆ 550 ಮರಗಳೆಂದರೆ 11,000 ಲೀಟರ್. ಹಾಗಾಗಿ ಆ ಕೊಳವನ್ನು ಒಮ್ಮೆ ತುಂಬಿಸುವ ನೀರು ಒಂದು ಎಕರೆ ತೋಟವನ್ನು ಹೆಚ್ಚುಕಡಿಮೆ ಒಂದು ವಾರ ಸಲಹಬಲ್ಲದು. ಕೊಳದ ನೀರು ಬಂದದ್ದು ಹೊಸ ಕೊಳವೆಬಾವಿಯಿಂದಲೋ, ಕೆಳಗಿನ ಕೇರಿಯ ಮನೆಗಳಿಗೆ ಹರಿಯುತ್ತಿದ್ದ ಅಬ್ಬಿಯಿಂದಲೋ ಎಂದು ಅತಿಥಿ ಕೇಳುವುದು ಅಧಿಕಪ್ರಸಂಗವಲ್ಲ. ಅವರು ಕೊಡುವ ಹಣದಿಂದಲೇ ತಾನೆ ಆ ಪಂಪು ತಿರುಗುವುದು!

ಮನೆ ನಿಂತ ನೆಲವನ್ನಂತೂ ನೋಡಲೇಬೇಕು. ಮಲೆನಾಡಿನ ಹಳೆಯ ಮನೆಗಳು ಬಹುಮಟ್ಟಿಗೆ ತೋಟದ ಅಂಚಿನಲ್ಲಿ, ಗಾಳಿಯ ಹೊಡೆತ ತಪ್ಪಿದ ಕಣಿವೆಯ ಮಗ್ಗುಲಲ್ಲಿ ಇವೆ. ಆದರೆ ಇಂದು ಮಾರಾಟವಾಗುವುದು ಕಿಟಕಿಯಿಂದ ಕಾಣುವ ಮಂಜಿನ ದೃಶ್ಯ; ಅದಕ್ಕಾಗಿ ಕಟ್ಟಡ ಗುಡ್ಡದ ನೆತ್ತಿಗೋ ಕಡಿದಾದ ಇಳಿಜಾರಿಗೋ ಏರಬೇಕು, ಅಲ್ಲಿಗೊಂದು ರಸ್ತೆ ಬೇಕು, ಎರಡಕ್ಕೂ ಜೆಸಿಬಿ ಬೇಕು. ಇಳಿಜಾರಿನ ಬುಡವನ್ನು ಕಡಿದಾಗ ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ. ದಿನಗಟ್ಟಲೆ ಇಂಗಿದ ಮಳೆನೀರು ಮಣ್ಣಿನ ಕಣಗಳ ನಡುವೆ ತುಂಬಿ ಒತ್ತಡ ಹೆಚ್ಚಿಸಿದಾಗ ಕಣಗಳು ಪರಸ್ಪರ ಹಿಡಿದಿಟ್ಟ ಬಿಗಿ ಸಡಿಲುತ್ತದೆ. ಆಮೇಲೆ ಮರದ ಬೇರೂ ತಡೆಯಲಾರದು. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತ ಗುಡ್ಡಗಳು ಜಾರಿದಾಗ ಅತಿಮಳೆಯ ಜೊತೆಗೆ ಹೀಗೆ ಇಳಿಜಾರು ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಗುರುತಿಸಿದ್ದರು.

ಇದನ್ನು ಓದಿ ನಾನು ಹೋಂಸ್ಟೇಗಳ ವಿರೋಧಿಯೆಂದು ಯಾರೂ ಭಾವಿಸಬಾರದು. ಶೃಂಗೇರಿ, ಕೊಪ್ಪ ಭಾಗದಲ್ಲಿ ಹಳದಿ ಎಲೆ ರೋಗ ದಶಕಗಳಿಂದ ಅಡಿಕೆ ತೋಟಗಳನ್ನು ತಿನ್ನುತ್ತಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಇಂಥ ತೋಟದ ಒಡೆಯರು ಎರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಟ್ಟು ಮಕ್ಕಳ ಓದಿನ ಖರ್ಚು ನಿಭಾಯಿಸಿದರೆ, ತೋಟ ಮಾರುವ ಪ್ರಸಂಗವನ್ನು ಅಷ್ಟರಮಟ್ಟಿಗೆ ಮುಂದೂಡಿದಂತೆ. ಆ ಹಣ ಅವರಿಗೇ ಸಲ್ಲಬೇಕೆಂಬುದು ನನ್ನ ವಾದ. ಸಮಸ್ಯೆಯೆಂದರೆ ಜಾಹೀರಾತಿನ ಬಲವಿಲ್ಲದ ಅವರ ಮನೆ ಅತಿಥಿಯ ಕಣ್ಣಿಗೆ ಬೀಳುವುದೇ ಇಲ್ಲ.

ಅಧ್ಯಯನ ಪ್ರವಾಸಕ್ಕೆ ಹೊರಡುವ ವಿದ್ಯಾರ್ಥಿ ಮಿತ್ರರು ಈ ವರ್ಷ ಒಂದು ಕೆಲಸ ಮಾಡಬಹುದು. ಐವತ್ತು ಮಂದಿಯೂ ಒಂದೇ ರೆಸಾರ್ಟಿನಲ್ಲಿ ಇಳಿಯುವ ಬದಲು ಒಂದೇ ಊರಿನ ಹತ್ತು ಮನೆಗಳಲ್ಲಿ ಐದೈದು ಮಂದಿ ಉಳಿಯಲಿ. ಸೊಪ್ಪಿನಬೆಟ್ಟಕ್ಕೆ ಹೋಗಿ ಒಂದು ಹೊರೆ ಸೊಪ್ಪು ಹೊತ್ತು ತರಲಿ. ಏರ್ಪಾಡಿನ ತೊಂದರೆ ಇದ್ದೇ ಇರುತ್ತದೆ, ಸ್ನಾನದ ನೀರಿಗೆ ಸರದಿ ಕಾಯಬೇಕಾಗುತ್ತದೆ. ಗ್ರಾಮ ಪಂಚಾಯಿತಿಯ ಸದಸ್ಯರು ಹೊಸ ಹೋಂಸ್ಟೇಗೆ ಒಪ್ಪಿಗೆ ಕೊಡುವ ಮುನ್ನ ಇಳಿಜಾರನ್ನೂ ನೀರಿನ ಮೂಲವನ್ನೂ ಸ್ಥಳಕ್ಕೇ ಹೋಗಿ ನೋಡಲಿ. ನೀರಿನ ಮೂಲವನ್ನು ನೋಡಲು ಹೋಗುವುದಾದರೆ ಏಪ್ರಿಲ್ ಕೊನೆಯ ವಾರ ಸೂಕ್ತ. ಅಕ್ಟೋಬರಿನಲ್ಲಿ ಎಲ್ಲ ಅಬ್ಬಿಗಳೂ ತುಂಬಿಯೇ ಹರಿಯುತ್ತಿರುತ್ತವೆ.