ಚಿತ್ರ ಕೆಟ್ಟರೆ ಆಟವೂ ಕೆಟ್ಟಂತೆ

ಇಬ್ಬರು ಆಟಗಾರರು ತಲಾ ಒಂದು ಪಾತ್ರವನ್ನು ಆರಿಸಿಕೊಂಡು ಪರದೆಯ ಮೇಲೆ ಎದುರುಬದುರಾಗಿ ಸೆಣಸುವ ವಿಡಿಯೊ ಆಟಗಳಿಗೆ ಫೈಟಿಂಗ್ ಗೇಮ್ ಎಂಬ ಹೆಸರು ರೂಢಿಯಲ್ಲಿದ್ದು, ಈ ಪ್ರಕಾರದ ಹೆಸರಾಂತ ಸರಣಿಯೊಂದರ ಹೊಸ ಆವೃತ್ತಿ ಪ್ರಕಟವಾದಾಗಲೆಲ್ಲ ಅಭಿಮಾನಿಗಳ ನಡುವೆ ಅದೇ ಹಳೆಯ ಜಗಳ ಮತ್ತೆ ಹೊತ್ತಿಕೊಳ್ಳುತ್ತದೆ. ಕೈಯಿಂದ ಬಿಡಿಸಿದ ಚಿತ್ರಗಳ ಕಾಲವೇ ಚಿನ್ನದ ಕಾಲ, ಮೂರು ಆಯಾಮದ ಕಂಪ್ಯೂಟರ್ ಗೊಂಬೆಗಳು ಬಂದ ಮೇಲೆ ಸರಣಿಗಳ ಜೀವವೇ ಹೋಯಿತು ಎಂದು ಒಂದು ಪಕ್ಷ ಹೇಳಿದರೆ, ಆಟದ ನಿಯಮಗಳು ಗಟ್ಟಿಯಾಗಿದ್ದರೆ ಸಾಕು, ನೋಟವೆಂಬುದು ಮೇಲಿನ ಹೊದಿಕೆ ಮಾತ್ರ ಎಂದು ಇನ್ನೊಂದು ಪಕ್ಷ ವಾದಿಸುತ್ತದೆ. ಎರಡೂ ವಾದಗಳು ತಪ್ಪು. ಆದರೆ ಎರಡರ ತಪ್ಪೂ ಒಂದೇ ತೂಕದ್ದಲ್ಲ. ಮೊದಲನೆಯದು ನಿಜವಾದ ಪ್ರೀತಿಯಿಂದ ಹುಟ್ಟಿದ ತಪ್ಪು ತೀರ್ಮಾನ. ಎರಡನೆಯದು ಆಟ ತಯಾರಿಸುವ ಕಂಪನಿಗಳ ತಲೆಗೆ ಹೊಕ್ಕರೆ ಇಡೀ ಸರಣಿಯನ್ನೇ ಮುಳುಗಿಸಬಲ್ಲದು, ಮತ್ತು 2017ರಲ್ಲಿ ನಡೆದದ್ದು ಅದೇ.

ಜಪಾನಿನ ಕ್ಯಾಪ್‌ಕಾಮ್ ಕಂಪನಿ ಅಮೆರಿಕದ ಮಾರ್ವೆಲ್ ಕಾಮಿಕ್ಸ್‌ನ ವೀರರನ್ನೂ ತನ್ನ ಆಟಗಳ ಪಾತ್ರಗಳನ್ನೂ ಒಂದೇ ಅಖಾಡಕ್ಕೆ ಇಳಿಸುತ್ತ ಬಂದ ‘ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್’ ಸರಣಿಯಲ್ಲಿ 2000ದ ಎರಡನೆಯ ಆಟ ಕೈಯಿಂದ ಬಿಡಿಸಿದ ಚಿತ್ರಗಳಿಂದಲೂ, 2011ರ ಮೂರನೆಯದು ಮೂರು ಆಯಾಮದ್ದಾಗಿದ್ದರೂ ಕಾಮಿಕ್ಸ್ ಪುಟದ ದಟ್ಟ ಕಪ್ಪು ನೆರಳುಗಳಿಂದಲೂ ತಮ್ಮದೇ ಆದ ಮುಖಚರ್ಯೆಯನ್ನು ಪಡೆದಿದ್ದವು. 2017ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ‘ಇನ್ಫಿನಿಟ್’ ಎಂಬ ಮುಂದಿನ ಆಟ ಈ ಎರಡೂ ದಾರಿಗಳನ್ನು ಬಿಟ್ಟು, ಸಿನಿಮಾದ ನೈಜತೆಯನ್ನೂ ಗೊಂಬೆಯ ನುಣುಪನ್ನೂ ಬೆರೆಸಲು ಹೋಗಿ ಎರಡನ್ನೂ ಕಳೆದುಕೊಂಡಿತು. ಬಿಡುಗಡೆಗೆ ಕೆಲವು ತಿಂಗಳು ಮೊದಲು ತೋರಿಸಿದ ಮಾದರಿಯಲ್ಲಿ ಚುನ್-ಲಿ ಎಂಬ ಪಾತ್ರದ ಮುಖ ಊದಿಕೊಂಡಂತೆಯೂ ಕಣ್ಣುಗಳು ಜೀವವಿಲ್ಲದಂತೆಯೂ ಕಂಡು ಟೀಕೆ ಎಷ್ಟು ಜೋರಾಯಿತೆಂದರೆ, ಕಂಪನಿ ಆ ಮುಖವನ್ನು ತಿದ್ದಬೇಕಾಯಿತು. ಮುಖವನ್ನೇನೋ ತಿದ್ದಿದರು, ಅದರ ಹಿಂದಿದ್ದ ದೃಷ್ಟಿಯನ್ನು ಯಾರೂ ತಿದ್ದಲಿಲ್ಲ. ಸರಣಿಯ ಆರಂಭದಿಂದಲೂ ಜನಪ್ರಿಯವಾಗಿದ್ದ ಎಕ್ಸ್‌-ಮೆನ್ ಪಾತ್ರಗಳು ಈ ಆಟದಲ್ಲಿ ಒಂದೂ ಇಲ್ಲವೇಕೆ ಎಂಬ ಪ್ರಶ್ನೆಗೆ ಕಂಪನಿಯ ಪರವಾಗಿ ಬಂದ ಸಮಜಾಯಿಷಿಯಲ್ಲಿ ಆ ದೃಷ್ಟಿ ಬಯಲಾಯಿತು. ಆಳವಾಗಿ ನೋಡಿದರೆ ಪಾತ್ರಗಳೆಂದರೆ ಅವು ಮಾಡುವ ಕೆಲಸಗಳು ಮಾತ್ರ, ಎಕ್ಸ್‌-ಮೆನ್ ಪಾತ್ರವಾದ ಮ್ಯಾಗ್ನೆಟೊ ಇಷ್ಟವಾಗುವುದು ಅವನು ಗಾಳಿಯಲ್ಲಿ ಎಂಟು ದಿಕ್ಕಿಗೂ ವೇಗವಾಗಿ ನುಗ್ಗಬಲ್ಲನೆಂಬ ಕಾರಣಕ್ಕೆ, ಆ ಕೆಲಸವನ್ನು ನೋವಾ, ಕ್ಯಾಪ್ಟನ್ ಮಾರ್ವೆಲ್, ಅಲ್ಟ್ರಾನ್ ಕೂಡ ಮಾಡುತ್ತಾರೆ ಎಂಬುದು ಆ ಮಾತಿನ ತಾತ್ಪರ್ಯವಾಗಿತ್ತು.

ಈ ವಾದವನ್ನು ಇಲ್ಲಿ ವಿವರವಾಗಿ ಎದುರಿಸಬೇಕಾಗಿದೆ, ಏಕೆಂದರೆ ಅದು ಒಂದು ಕಂಪನಿಯ ಒಂದು ದಿನದ ಮಾತಲ್ಲ; ಆಟವನ್ನು ಬಲ್ಲವರೆಂದು ಹೆಸರಾದ ಎಷ್ಟೋ ಆಟಗಾರರೂ ಅದನ್ನೇ ನಂಬಿದ್ದಾರೆ. ಫೈಟಿಂಗ್ ಗೇಮ್‌ನ ಕಾಲಗಣನೆ ನಡೆಯುವುದು ಫ್ರೇಮ್‌ಗಳಲ್ಲಿ. ಒಂದು ಸೆಕೆಂಡಿನಲ್ಲಿ 60 ಚಿತ್ರಗಳು ಪರದೆಯ ಮೇಲೆ ಹಾದುಹೋಗುತ್ತವೆ. ಅಂಥ ಒಂದೊಂದು ಚಿತ್ರವೂ ಒಂದು ಫ್ರೇಮ್. ಪ್ರತಿ ಹೊಡೆತಕ್ಕೂ ಕೈಯೆತ್ತುವ ಸಿದ್ಧತೆ, ತಾಗುವ ಗಳಿಗೆ, ಹಿಂದಕ್ಕೆ ಬಂದು ಸಾವರಿಸಿಕೊಳ್ಳುವ ಅವಧಿ ಎಂಬ ಮೂರು ಘಟ್ಟಗಳಿದ್ದು, ಒಂದೊಂದಕ್ಕೂ ಇಂತಿಷ್ಟೇ ಫ್ರೇಮ್ ಎಂದು ನಿಗದಿಯಾಗಿರುತ್ತದೆ. ಎದುರಾಳಿಗೆ ಈ ಲೆಕ್ಕ ಅಂಕಿಗಳಾಗಿ ಕಾಣುವುದಿಲ್ಲ. ಭುಜ ತಿರುಗಿದ್ದು, ಮೊಣಕಾಲು ಬಾಗಿದ್ದು, ಅಂಗಿಯ ತುದಿ ಹಾರಿದ್ದು ಅವನ ಕಣ್ಣಿಗೆ ಬೀಳುತ್ತದೆ ಮತ್ತು ಅಷ್ಟನ್ನೇ ನೆಚ್ಚಿ ಅವನು ತಡೆಯಬೇಕೋ ಹಾರಬೇಕೋ ತಿರುಗಿ ಹೊಡೆಯಬೇಕೋ ಎಂದು ನಿರ್ಧರಿಸುತ್ತಾನೆ. ಹಾಗಿರುವಾಗ ನೋಟವನ್ನು ನಿಯಮದಿಂದ ಬೇರ್ಪಡಿಸಿ ಹೊದಿಕೆ ಎಂದು ಕರೆಯುವುದು ಅಸಾಧ್ಯ. ನಿಯಮವು ಆಟಗಾರನನ್ನು ತಲುಪಲು ಚಿತ್ರವಲ್ಲದೆ ಬೇರೆ ದಾರಿಯೇ ಇಲ್ಲ.

2004ರ ಇವೊ ಪಂದ್ಯಾವಳಿ, ಅಂದರೆ ಈ ಆಟಗಳ ಅತ್ಯಂತ ಪ್ರತಿಷ್ಠಿತ ವಾರ್ಷಿಕ ಸ್ಪರ್ಧೆ, ಇದಕ್ಕೆ ಒಳ್ಳೆಯ ಸಾಕ್ಷಿ ಒದಗಿಸುತ್ತದೆ. ‘ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್’ ಆಟದಲ್ಲಿ ಅಮೆರಿಕದ ಜಸ್ಟಿನ್ ವಾಂಗ್ ಆಡುತ್ತಿದ್ದ ಚುನ್-ಲಿ ಸರಣಿ ಒದೆತಗಳ ದೊಡ್ಡ ದಾಳಿಯನ್ನು ಹೂಡಿದಾಗ, ಜಪಾನಿನ ದೈಗೊ ಉಮೆಹಾರಾ ಆಡುತ್ತಿದ್ದ ಕೆನ್‌ನ ಜೀವ ಬಹುತೇಕ ಖಾಲಿಯಾಗಿದ್ದು, ಸುಮ್ಮನೆ ತಡೆದು ನಿಂತಿದ್ದರೂ ಅವನು ಸೋಲುತ್ತಿದ್ದ. ಉಳಿದಿದ್ದ ಒಂದೇ ಉಪಾಯವೆಂದರೆ ಪ್ಯಾರಿ, ಅಂದರೆ ಹೊಡೆತ ತಾಗುವ ಗಳಿಗೆಗೆ ಸರಿಯಾಗಿ ಮುಂದಕ್ಕೆ ಒತ್ತಿ ಅದನ್ನು ನಷ್ಟವಿಲ್ಲದೆ ತಳ್ಳಿಹಾಕುವುದು. ಉಮೆಹಾರಾ ಆ 15 ಒದೆತಗಳನ್ನೂ ಒಂದೊಂದಾಗಿ ತಳ್ಳಿಹಾಕಿ, ಕೊನೆಯದನ್ನು ಗಾಳಿಯಲ್ಲೇ ಎದುರಿಸಿ, ತಿರುಗಿ ಹೊಡೆದು ಆ ಸುತ್ತನ್ನು ಗೆದ್ದರು. ಮೊದಲ ಒದೆತವನ್ನು ಊಹೆಯಿಂದ ಹಿಡಿದಿರಬೇಕು, ಉಳಿದವುಗಳ ಹಿಂದೆ ದೀರ್ಘ ಅಭ್ಯಾಸವಿತ್ತು, ನಿಜ. ಆದರೆ ಆ ಕಾಲುಗಳ ಲಯ ಅಭ್ಯಾಸಕ್ಕೆ ದಕ್ಕುವಂತೆ ಅಷ್ಟು ನಿಚ್ಚಳವಾಗಿ ಚಿತ್ರಿತವಾಗಿದ್ದುದರಿಂದಲೇ ಸಭಾಂಗಣದಲ್ಲಿ ನೆರೆದಿದ್ದ ಜನರೂ ಒದೆತ ಒದೆತಕ್ಕೆ ಕೂಗುತ್ತ ಹೋದದ್ದು. ಯಕ್ಷಗಾನದ ರಂಗಸ್ಥಳದಲ್ಲಿ ಬಣ್ಣದ ವೇಷ ಯಾವುದು, ಸ್ತ್ರೀವೇಷ ಯಾವುದು ಎಂಬುದು ಕಿರೀಟದ ಆಕಾರದಿಂದ, ನಿಲುವಿನಿಂದ, ಹೆಜ್ಜೆಯಿಂದ ಕೊನೆಯ ಸಾಲಿನ ಪ್ರೇಕ್ಷಕನಿಗೂ ತಿಳಿಯುವಂತೆ, ಒಳ್ಳೆಯ ಫೈಟಿಂಗ್ ಗೇಮ್‌ನಲ್ಲಿ ಪಾತ್ರವೂ ಅದರ ಇಂಗಿತವೂ ಬರೀ ಅಂಚುಗೆರೆಯಿಂದಲೇ ಗೊತ್ತಾಗಬೇಕು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ‘ಸ್ಟ್ರೀಟ್ ಫೈಟರ್ 5’ ಪದಕದ ಸ್ಪರ್ಧೆಯಾಗಿ, ಭಾರತದ ಆಟಗಾರರೂ ಕಣಕ್ಕಿಳಿದ ಮೇಲಂತೂ, ಆಟವನ್ನೇ ಅರಿಯದ ನೋಡುಗನಿಗೂ ಪರದೆ ಅರ್ಥವಾಗಬೇಕೆಂಬ ಬೇಡಿಕೆ ಇನ್ನಷ್ಟು ನ್ಯಾಯವಾದದ್ದು.

ಇನ್ನು ಹಳೆಯ ಚಿತ್ರಗಳಿಗೇ ಮರಳಿರೆಂದು ಪಟ್ಟುಹಿಡಿಯುವವರ ವಿಚಾರ. ಅವರು ಬಯಸುವುದು ಸ್ಪ್ರೈಟ್‌ಗಳನ್ನು, ಅಂದರೆ ಪಾತ್ರದ ಪ್ರತಿಯೊಂದು ಭಂಗಿಯನ್ನೂ ಪಿಕ್ಸೆಲ್ ಎಂಬ ಚುಕ್ಕಿ ಚುಕ್ಕಿಯಾಗಿ ಬಣ್ಣ ತುಂಬಿ ಬಿಡಿಸಿದ ಚಿತ್ರಗಳನ್ನು. 1991ರ ‘ಸ್ಟ್ರೀಟ್ ಫೈಟರ್ 2’ರಿಂದ 1999ರ ‘ಥರ್ಡ್ ಸ್ಟ್ರೈಕ್’ವರೆಗಿನ ದಶಕದಲ್ಲಿ ಈ ಕಲೆ ಮುಟ್ಟಿದ ಎತ್ತರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದೇ ಕಾಲದಲ್ಲಿ, 1994ರ ‘ಡಾರ್ಕ್‌ಸ್ಟಾಕರ್ಸ್’ ಆಟದ ಮೋರಿಗನ್ ಎಂಬ ಪಾತ್ರದ ಹಳೆಯ ಚಿತ್ರಗಳನ್ನೇ ಹೊಸದಾಗಿ ಬಿಡಿಸಿದ ಪಾತ್ರಗಳ ಪಕ್ಕದಲ್ಲಿ ವರ್ಷಗಟ್ಟಲೆ ನಿಲ್ಲಿಸಿ, ಆಟದಿಂದ ಆಟಕ್ಕೆ ಸಾಗಿಸಿದ್ದನ್ನೂ ಮರೆಯುವಂತಿಲ್ಲ. ಕೈಯಿಂದ ಬಿಡಿಸಿದ ಮಾತ್ರಕ್ಕೆ ಕಾಳಜಿ ಇತ್ತೆಂದು ಅರ್ಥವಲ್ಲ. ಎಸ್‌ಎನ್‌ಕೆ ಕಂಪನಿ 2009ರ ‘ಕಿಂಗ್ ಆಫ್ ಫೈಟರ್ಸ್ 12’ಕ್ಕಾಗಿ ಎಲ್ಲ ಪಾತ್ರಗಳನ್ನೂ ಹೊಸದಾಗಿ ಬಿಡಿಸಲು ಹೊರಟಾಗ, ಮೊದಲು ಮೂರು ಆಯಾಮದ ಮಾದರಿ ಕಟ್ಟಿ, ಅದರ ಭಂಗಿಗಳನ್ನು ನೋಡಿಕೊಂಡು ಕಲಾವಿದರು ಚುಕ್ಕಿ ಚುಕ್ಕಿಯಾಗಿ ಮೇಲೆ ಬಿಡಿಸಿದ ಆ ಕೆಲಸ ಒಬ್ಬರೇ ಕೂತು ಮಾಡಿದರೆ ಪಾತ್ರವೊಂದಕ್ಕೆ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುವಂಥದ್ದಾಗಿತ್ತು. ಚಿತ್ರಗಳು ಅದ್ಭುತವಾಗಿದ್ದವು, ಪಾತ್ರಗಳ ಸಂಖ್ಯೆ ಕುಗ್ಗಿತು, ಅಪೂರ್ಣ ಆಟವೆಂಬ ಆಪಾದನೆ ಅಂಟಿಕೊಂಡಿತು. 13ನೆಯ ಆವೃತ್ತಿ ಆ ಶ್ರಮದ ಫಲವನ್ನು ಪೂರ್ಣವಾಗಿ ತೋರಿಸಿತಾದರೂ, 2016ರ 14ನೆಯದರಲ್ಲಿ ಕಂಪನಿ ಸ್ಪ್ರೈಟ್‌ಗಳನ್ನು ಕೈಬಿಟ್ಟಿತು.

ಶ್ರಮದ ಬೆಲೆಯ ಬಗ್ಗೆ ಅಭಿಮಾನಿಗಳಿಗೆ ನೇರವಾದ ಲೆಕ್ಕ ಸಿಕ್ಕ ಅಪರೂಪದ ಪ್ರಸಂಗವೊಂದಿದೆ. ಎರಡು ಆಯಾಮದ ಚಿತ್ರಗಳಲ್ಲೇ 2012ರಲ್ಲಿ ಹೊರಬಂದ ‘ಸ್ಕಲ್‌ಗರ್ಲ್ಸ್’ ಆಟದ ಪುಟ್ಟ ತಂಡ ಮರುವರ್ಷ ಹೊಸ ಪಾತ್ರವೊಂದನ್ನು ಸೇರಿಸಲು ಜನರಿಂದಲೇ 1,50,000 ಡಾಲರ್ ಕೇಳಿ, ಖರ್ಚಿನ ವಿವರವನ್ನು ಮುಂದಿಟ್ಟಿತು: ಎಂಟು ಜನರ ಹತ್ತು ವಾರದ ಸಂಬಳಕ್ಕೆ 48,000, ಹೊರಗಿನ ಚಿತ್ರಕಾರರ ಕೆಲಸಕ್ಕೆ 30,000, ಉಳಿದದ್ದು ಧ್ವನಿ, ಪರೀಕ್ಷೆ, ಪ್ರಮಾಣಪತ್ರ ಇತ್ಯಾದಿಗೆ. ಒಂದು ಪಾತ್ರಕ್ಕೆ ಇಷ್ಟೇಕೆ ಎಂದು ಹಲವರು ಹುಬ್ಬೇರಿಸಿದರು. ಇದು ತೀರ ಅಗ್ಗ ಎಂದು ಕಸುಬು ಬಲ್ಲವರು ಹೇಳಿದರು. ಲೆಕ್ಕ ಬಿಚ್ಚಿಟ್ಟಿದ್ದರಿಂದ ಜನರ ವಿಶ್ವಾಸವೇನೂ ಕುಂದಲಿಲ್ಲ, ಬಂದ ಹಣ 8 ಲಕ್ಷ ಡಾಲರ್ ದಾಟಿತು. ದೊಡ್ಡ ಕಂಪನಿಗಳು ಈ ಪ್ರಸಂಗದಿಂದ ಏನನ್ನೂ ಕಲಿತಂತೆ ಕಾಣುವುದಿಲ್ಲ. ಯಾವ ಶೈಲಿಗೆ ಎಷ್ಟು ಕೈಗಳು ಬೇಕು ಎಂಬುದನ್ನು ಮುಚ್ಚಿಟ್ಟು, ನೈಜತೆಯೇ ಪ್ರಗತಿ ಎಂಬ ಜಾಹೀರಾತಿನ ಮಾತನ್ನು ಮುಂದೊಡ್ಡುವುದರಿಂದಲೇ ಅಭಿಮಾನಿಗಳ ಚರ್ಚೆ ಗಾಳಿಯಲ್ಲಿ ಗುದ್ದಾಡುವಂತಾಗಿರುವುದು.

ಎರಡು ಆಯಾಮವೋ ಮೂರು ಆಯಾಮವೋ ಎಂಬ ಪ್ರಶ್ನೆಯೇ ಹಳಸಲು ಎಂಬುದನ್ನು 2014ರಲ್ಲಿ ಆರ್ಕ್ ಸಿಸ್ಟಮ್ ವರ್ಕ್ಸ್ ಕಂಪನಿ ‘ಗಿಲ್ಟಿ ಗಿಯರ್ ಎಕ್ಸ್‌ಆರ್‌ಡಿ’ ಆಟದಲ್ಲಿ ತೋರಿಸಿಕೊಟ್ಟಿತು. ಅದರ ಪಾತ್ರಗಳು ಪೂರ್ಣವಾಗಿ ಮೂರು ಆಯಾಮದ ಮಾದರಿಗಳು, ಆದರೂ ಕಣ್ಣಿಗೆ ಕಾಣುವುದು ಕೈಯಿಂದ ಬಿಡಿಸಿದ ಅನಿಮೆ, ಅಂದರೆ ಜಪಾನಿ ಅನಿಮೇಷನ್ ಚಿತ್ರ. ಇದು ಯಾವುದೋ ಗುಂಡಿ ಒತ್ತಿದ್ದರಿಂದ ಆದದ್ದಲ್ಲ. ಸಾಮಾನ್ಯವಾಗಿ ಕಲಾವಿದ ಎರಡು ಮುಖ್ಯ ಭಂಗಿಗಳನ್ನು ಕೊಟ್ಟರೆ ಅವುಗಳ ನಡುವಿನ ಚಲನೆಯನ್ನು ಕಂಪ್ಯೂಟರ್ ತಾನೇ ತುಂಬುತ್ತದೆ. ಆ ನುಣುಪಿನಲ್ಲೇ ಹೊಡೆತದ ಬಿರುಸು ಕರಗಿಹೋಗುತ್ತದೆ. ಈ ತಂಡ ಆ ತುಂಬುವಿಕೆಯನ್ನೇ ನಿಲ್ಲಿಸಿ, ಒಂದೊಂದು ಭಂಗಿಯನ್ನೂ ಬೇರೆಯಾಗಿ ಕಟ್ಟಿ, ಅದನ್ನು ಕೆಲವು ಫ್ರೇಮ್‌ಗಳವರೆಗೆ ಹಾಗೆಯೇ ಹಿಡಿದು, ಮುಂದಿನದಕ್ಕೆ ಥಟ್ಟನೆ ಜಿಗಿಯುವಂತೆ ಮಾಡಿತು. ಮುಷ್ಟಿ ನೋಡುಗನತ್ತ ಬರುವಾಗ ಅದನ್ನು ದೊಡ್ಡದು ಮಾಡಿತು. ನೆರಳು ಎಲ್ಲಿ ಬೀಳಬೇಕೆಂಬುದನ್ನು ಯಂತ್ರದ ಲೆಕ್ಕಕ್ಕೆ ಬಿಡದೆ ಕಲಾವಿದರೇ ಮಾದರಿಯ ಮೇಲ್ಮೈಯನ್ನು ತಿದ್ದಿ, ಪಾತ್ರಕ್ಕೊಂದರಂತೆ ಪ್ರತ್ಯೇಕ ಬೆಳಕನ್ನು ಇಟ್ಟು ಗೊತ್ತುಮಾಡಿದರು. ಅದೇ ಭಂಗಿಯನ್ನು ಪಕ್ಕದಿಂದ ನೋಡಿದರೆ ಸೊಟ್ಟಗೆ ಕಾಣಬಹುದು. ಆಟಗಾರನ ಕಣ್ಣಿಗೆ ಅದು ಸರಿಯಾಗಿದ್ದರೆ ಸಾಕು ಎಂಬ ಚಿತ್ರಕಾರನ ವಿವೇಕ ಅಲ್ಲಿ ಕೆಲಸ ಮಾಡಿದೆ. 2018ರ ಜನವರಿಯಲ್ಲಿ ಬಂದ ಇದೇ ಕಂಪನಿಯ ‘ಡ್ರ್ಯಾಗನ್ ಬಾಲ್ ಫೈಟರ್‌ಝಡ್’ ಇದೇ ವಿಧಾನದಲ್ಲಿ ಸಿದ್ಧವಾಗಿದ್ದು, ಆ ವರ್ಷದ ಇವೊ ಪಟ್ಟಿಯಲ್ಲಿ ಅದು ಸ್ಥಾನ ಪಡೆದರೆ, ಬಿಡುಗಡೆಯಾಗಿ ವರ್ಷವೂ ತುಂಬದ ‘ಇನ್ಫಿನಿಟ್’ ಪಟ್ಟಿಯಲ್ಲೇ ಇರಲಿಲ್ಲ. ಪಾತ್ರಗಳೆಂದರೆ ಕೆಲಸಗಳು ಎಂದವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಸಿಗಲಾರದು. 2024ರ ಕೊನೆಯಲ್ಲಿ ಅಭಿಮಾನಿಗಳ ತಂಡವೊಂದು ‘ಇನ್ಫಿನಿಟ್’ ಆಟದ ನೋಟವನ್ನು ಕಾಮಿಕ್ಸ್ ಶೈಲಿಗೆ ಬದಲಿಸಿ ಹೊರತಂದಾಗ, ಏಳು ವರ್ಷ ಮೂಲೆಗೆ ಬಿದ್ದಿದ್ದ ಆಟದ ಒಳಗಿನ ಒಳ್ಳೆಯತನ ಎಷ್ಟೋ ಜನರಿಗೆ ಮೊದಲ ಬಾರಿಗೆ ಕಂಡಿತು.

ಹಾಗೆಂದು ನೈಜ ಶೈಲಿಯೇ ಕೂಡದೆಂದು ತೀರ್ಪು ಕೊಡುವುದು ಅವಸರವಾದೀತು. 2008ರ ‘ಸ್ಟ್ರೀಟ್ ಫೈಟರ್ 4’ ಮೂರು ಆಯಾಮಕ್ಕೆ ಬಂದಾಗ ಅಸಮಾಧಾನಗೊಂಡವರು ಬಹಳ; ಆದರೆ ದಾಳಿಯ ಜೊತೆಗೆ ಕುಂಚದಿಂದ ಎರಚಿದಂಥ ಕಪ್ಪು ಶಾಯಿಯನ್ನು ತಂದು ಅದು ತನ್ನದೊಂದು ಬರವಣಿಗೆಯನ್ನು ಕಟ್ಟಿಕೊಂಡಿತು. 2023ರ ‘ಸ್ಟ್ರೀಟ್ ಫೈಟರ್ 6’ರಲ್ಲಿ ಚರ್ಮ, ಬೆವರು, ಬಟ್ಟೆಯ ನೆರಿಗೆ ಎಲ್ಲವೂ ನೈಜವಾಗಿವೆ, ಆದರೂ ಡ್ರೈವ್ ಇಂಪ್ಯಾಕ್ಟ್ ಎಂಬ ಭಾರಿ ದಾಳಿ ಆರಂಭವಾದ ಕೂಡಲೇ ಪಾತ್ರದ ಮೈಯಿಂದ ಗಾಢ ಬಣ್ಣ ಚಿಮ್ಮುತ್ತದೆ. ಆ ದಾಳಿ ತಾಗಲು 26 ಫ್ರೇಮ್, ಅಂದರೆ ಅರ್ಧ ಸೆಕೆಂಡಿಗಿಂತ ಕಡಿಮೆ ಅವಧಿ ಹಿಡಿಯುತ್ತದೆ. ಅಷ್ಟರಲ್ಲಿ ಎದುರಾಳಿ ಗುರುತಿಸಿ ಉತ್ತರಿಸಬೇಕು. ಇಲ್ಲಿ ಬಣ್ಣ ಅಲಂಕಾರಕ್ಕೆ ಬಂದದ್ದಲ್ಲ, ಎಚ್ಚರಿಕೆಗೆ ಬಂದದ್ದು. ನೈಜತೆಯನ್ನು ಮುರಿಯುವ ಧೈರ್ಯ ಇರುವುದರಿಂದಲೇ ಆ ನೈಜತೆ ಆಟಕ್ಕೆ ಒಗ್ಗಿದೆ.

ಶೈಲಿಯ ನಿರ್ಧಾರ ಕಲಾವಿದರ ಕೈಯಲ್ಲಿ ಉಳಿಯದಿರುವುದೇ ಸರಣಿಗಳ ಮುಂದಿರುವ ನಿಜವಾದ ಅಪಾಯ. 1999ರ ‘ಗಾರೊ’ ಆಟದ ಉತ್ತರಭಾಗವಾಗಿ, ಕಾಮಿಕ್ಸ್ ಬಣ್ಣಗಾರಿಕೆಯೊಂದಿಗೆ 2025ರ ಏಪ್ರಿಲ್‌ನಲ್ಲಿ ಬಂದ ಎಸ್‌ಎನ್‌ಕೆ ಕಂಪನಿಯ ‘ಫೇಟಲ್ ಫ್ಯೂರಿ: ಸಿಟಿ ಆಫ್ ದ ವುಲ್ವ್ಸ್’ ನೋಟದಲ್ಲಿ ಸುಂದರವಾದ ಆಟ, ಅದರ ಮೊದಲ ಪಾತ್ರಪಟ್ಟಿಯಲ್ಲೇ ಫುಟ್‌ಬಾಲ್ ಆಟಗಾರ ಕ್ರಿಸ್ಟಿಯಾನೊ ರೊನಾಲ್ಡೊ ಅವರ ಪ್ರತಿರೂಪ ಕಾಣಿಸಿಕೊಂಡಿತು. ಎಸ್‌ಎನ್‌ಕೆಯ ಬಹುತೇಕ ಎಲ್ಲ ಷೇರುಗಳು ಸೌದಿ ಅರೇಬಿಯಾದ ಯುವರಾಜ ಸ್ಥಾಪಿಸಿದ ಮಿಸ್ಕ್ ಪ್ರತಿಷ್ಠಾನದ ಒಡೆತನದಲ್ಲಿವೆ, ರೊನಾಲ್ಡೊ ಆಡುವುದು ಸೌದಿಯ ಅಲ್ ನಸ್ರ್ ತಂಡಕ್ಕೆ. ಈ ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಅಭಿಮಾನಿಗಳು ಸಿಟ್ಟಾದದ್ದು ನ್ಯಾಯವೇ. ಕಾಲ್ಪನಿಕ ನಗರವೊಂದರ ಬೀದಿಯಲ್ಲಿ, ದಪ್ಪ ಗೆರೆಯ ಮುಖಗಳ ನಡುವೆ, ಜಗತ್ತಿಗೆಲ್ಲ ಪರಿಚಿತವಾದ ಜೀವಂತ ವ್ಯಕ್ತಿಯ ಮುಖವನ್ನು ತಂದು ನಿಲ್ಲಿಸಿದರೆ ಆ ಶೈಲಿಯ ಒಳಗಿನ ಲೋಕವೇ ಬಿರುಕು ಬಿಡುತ್ತದೆ. ಆದರೆ ಇಂಥ ಸಿಟ್ಟು ಮುಖದ ಮಾದರಿ ಕಟ್ಟಿದ ಕಲಾವಿದರ ಮೇಲೆ ಬೈಗುಳವಾಗಿ ಸುರಿಯುವುದು ಅನ್ಯಾಯ ಮಾತ್ರವಲ್ಲ, ಗುರಿಯನ್ನೇ ತಪ್ಪಿದ್ದು. ಅವಧಿ, ಹಣ, ಪಾತ್ರಗಳ ಆಯ್ಕೆ ಯಾವುದೂ ಅವರ ಹತೋಟಿಯಲ್ಲಿ ಇರುವುದಿಲ್ಲ.

2025ರ ಜೂನ್‌ನಲ್ಲಿ ಘೋಷಣೆಯಾದ ‘ಮಾರ್ವೆಲ್ ಟೋಕೊನ್: ಫೈಟಿಂಗ್ ಸೋಲ್ಸ್’ ಆಟವನ್ನು ಆರ್ಕ್ ಸಿಸ್ಟಮ್ ವರ್ಕ್ಸ್ ಅನಿಮೆ ಶೈಲಿಯಲ್ಲಿ ರೂಪಿಸಿದ್ದು, ಅಮೆರಿಕದ ವೀರರಿಗೆ ಜಪಾನಿ ಮುಖ ಏಕೆ ಎಂಬ ಆಕ್ಷೇಪ ಆಗಲೇ ಎದ್ದಿದೆ. ಈ ಆಕ್ಷೇಪದಲ್ಲಿ ಹುರುಳಿಲ್ಲ; 1990ರ ದಶಕದಲ್ಲೇ ಕ್ಯಾಪ್‌ಕಾಮ್‌ನ ಜಪಾನಿ ಚಿತ್ರಕಾರರು ಎಕ್ಸ್‌-ಮೆನ್‌ಗಳನ್ನು ತಮ್ಮ ಕೈಗೆ ಒಗ್ಗಿಸಿಕೊಂಡು ಬಿಡಿಸಿದ್ದರು, ಅಭಿಮಾನಿಗಳು ಇಂದಿಗೂ ಎತ್ತಿ ಹೇಳುವುದು ಆ ಚಿತ್ರಗಳನ್ನೇ. ಈ ಆಟದ ಬಗ್ಗೆ ಕೇಳಬೇಕಾದ ಪ್ರಶ್ನೆ ಬೇರೆ. ಇದು ನಾಲ್ವರ ತಂಡದ ಎದುರು ನಾಲ್ವರ ತಂಡ ನಿಲ್ಲುವ ಆಟ. ಜೊತೆಗಾರರು ನಡುನಡುವೆ ನುಗ್ಗಿ ಬಂದು ಹೊಡೆಯುವಾಗ, ಬಣ್ಣ, ಬೆಳಕು, ಸ್ಫೋಟಗಳ ಆ ಸಂದಣಿಯಲ್ಲಿ ಯಾರ ಕೈ ಯಾವಾಗ ಎದ್ದಿತು ಎಂಬುದು ಎದುರಾಳಿಯ ಕಣ್ಣಿಗೆ ಸಿಗುವುದೋ ಇಲ್ಲವೋ ಎಂಬುದನ್ನು ಕಂಪನಿ ಆಟದಲ್ಲೇ ತೋರಿಸಿಕೊಡಬೇಕು.