ಅಟ್ಟದ ಮೇಲಿನ ಬುಟ್ಟಿ

ಬರ್ಲಿನ್ನಿನ ಕಲಾಶಿಕ್ಷಕ ಕಾರ್ಲ್ ಬ್ಲಾಸ್‌ಫೆಲ್ಟ್ ಗಿಡಗಳ ಕುಡಿ, ಮೊಗ್ಗುಗಳನ್ನು 30 ಪಟ್ಟಿನವರೆಗೂ ಹಿಗ್ಗಿಸಿ ಚಿತ್ರ ತೆಗೆದದ್ದು ತರಗತಿಯ ಪಾಠಕ್ಕಾಗಿ. ಅವು ಪುಸ್ತಕವಾಗಿ ಲೋಕಕ್ಕೆ ತಿಳಿದದ್ದು 1928ರಲ್ಲಿ. ಮಲೆನಾಡಿನ ವಿದ್ಯಾರ್ಥಿಗಳ ಕೈಗೂ ಇಂದು ಕ್ಯಾಮೆರಾ ಬಂದಿದೆ. ಆದರೆ ಅದು ಚಿಟ್ಟೆ, ಸೀತಾಳೆಗಳ ಬೆನ್ನು ಬಿಟ್ಟಿಲ್ಲ. ಅಟ್ಟದ ಮೇಲಿನ ಬಿದಿರು ಬುಟ್ಟಿಯನ್ನು ಒಮ್ಮೆ ಅಂಗಳಕ್ಕಿಳಿಸಬಾರದೇ? ನೆತ್ತಿಯ ಬಿಸಿಲಿನಲ್ಲಿ ಅದರ ಮೈ ಚಪ್ಪಟೆಯಾಗಿ ಕಾಣುತ್ತದೆ. ಬೆಳಗಿನ ಓರೆಬಿಸಿಲಿನಲ್ಲಿ ಎಳೆಯೆಳೆಗೂ ನೆರಳು ಬಿದ್ದು, ಸಿಲಿಕಾ ತುಂಬಿದ ಹೊರಸಿಪ್ಪೆಯ ನುಣುಪು, ಒಳಮೈಯ ನಾರು, ಸೀಳು ತಿರುವಿ ಅಂಚು ಕಟ್ಟಿದ ಬಗೆ ಎಲ್ಲವೂ ತೆರೆದುಕೊಳ್ಳುತ್ತವೆ. ಪ್ಲಾಸ್ಟಿಕ್ ಬಂದ ಮೇಲೆ ಹೆಣೆಯುವ ಕೈಗಳು ಕಡಿಮೆಯಾಗಿವೆ. ಬರಿಯ ಚೆಂದದ ಚಿತ್ರ ಕ್ಯಾಲೆಂಡರಿಗೆ ಸಾಕು, ದಾಖಲೆಗೆ ಸಾಲದು. ಅಳತೆಗೊಂದು ನಾಣ್ಯ ಪಕ್ಕದಲ್ಲಿರಲಿ. ಹೆಣೆದವರ ಹೆಸರು, ಊರು, ಸೀಳಿದ್ದು ಬಿದಿರೋ ವಾಟೆಯೋ ಎಂಬ ವಿವರ ಚಿತ್ರದ ಕೆಳಗಿರಲಿ.